ಚಾಕಿ ಮಕ್ಕಳ ಮಿಸ್ಸಿಗೆ ದೇಶವೆಲ್ಲಾ ಕೆಲಸ; ಕೈಗೆ ಮಾತ್ರ ‘ಗೌರವಧನ’!

ಕೂಟಗಲ್: ಚಾಕಿ ಕೆಟ್ಟರೆ ಬೆಳೆ ಕೆಟ್ಟಿತು ಎಂಬುದನ್ನು ಈ ಹೋಬಳಿಯ ಯಾವ ರೇಷ್ಮೆ ಬೆಳೆಗಾರನಿಗೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆಯೊಡೆದು ಬಂದ ಹುಳು ಎರಡನೇ ಜ್ವರದಿಂದ ಏಳುವ ತನಕ ಅದಕ್ಕೆ ಎಳೆ ಸೊಪ್ಪೇ ಆಗಬೇಕು, ಅದನ್ನೂ ಸಣ್ಣಗೆ ಹೆಚ್ಚಿ ಹಾಕಬೇಕು, ಶಾಖ ತೇವ ಎರಡೂ ಹದವಾಗಿರಬೇಕು. ಆ ದಿನಗಳಲ್ಲಿ ಉದಾಸೀನ ಮಾಡಿದವನು ಆಮೇಲೆ ಎಷ್ಟು ಸೊಪ್ಪು ಸುರಿದರೂ ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟು ಕಾಣುವುದು ಕಷ್ಟ. ಅದಕ್ಕೇ ಈಗ ಬೆಳೆಗಾರರು ಚಾಕಿ ಕೇಂದ್ರಗಳಿಗೆ ಕಾಸು ಕೊಟ್ಟು ಹುಳು ತರುತ್ತಾರೆ. ಚಾಕಿ ಮಾಡುವವನ ಕೈಗುಣಕ್ಕೆ ಬೆಲೆ ಇದೆ.

ಮನುಷ್ಯರ ಮಕ್ಕಳ ಚಾಕಿ ಮಾಡುವವಳಿಗೆ ಎಷ್ಟು ಬೆಲೆ? ಈ ಪ್ರಶ್ನೆ ಈಗ ಹೋಬಳಿಯ ಅನೇಕ ಮನೆಗಳಲ್ಲಿ ಎದ್ದಿದೆ. ಪಿಯುಸಿ ಮುಗಿಸಿದ ಹೆಣ್ಣುಮಗಳನ್ನು ಬಸ್ ಸ್ಟಾಪಿನಲ್ಲಿ ‘ಮುಂದೇನವ್ವಾ?’ ಅಂತ ಕೇಳಿ ನೋಡಿ. ‘ಎನ್‌ಟಿಟಿ ಮಾಡ್ತೀನಿ ಕಣತ್ತೆ, ಎಲ್‌ಕೆಜಿ ಮಿಸ್ಸಾಗ್ತೀನಿ’ ಅನ್ನುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಒಳ್ಳೆಯದೇ. ಆದರೆ ಫೀಸು ಕಟ್ಟುವ ಮುಂಚೆ ಯಾವ ಸರ್ಟಿಫಿಕೇಟು ಯಾವ ಬಾಗಿಲು ತೆಗೆಯುತ್ತದೆ ಎಂದು ವಿಚಾರಿಸುವವರು ಮಾತ್ರ ಕಡಿಮೆ.

ಅಂಗಳಕ್ಕೇ ಬಂದ ಶಾಲೆ

ಎಳೆಯ ಮಕ್ಕಳಿಗೆ ಕಲಿಸುವುದು ಒಂದು ವಿದ್ಯೆ ಎಂದು ನಮ್ಮ ದೇಶದಲ್ಲಿ ತೋರಿಸಿಕೊಟ್ಟವರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲಿ ಬಿಟ್ಟು ಬಂದ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆಗಿದ್ದ ತಾರಾಬಾಯಿ ಮೋಡಕ್ ಆಮೇಲೆ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಅಲ್ಲಿಂದ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ಮಧ್ಯೆ ಕೆಲಸ ಮಾಡಿದರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಲಿ ಎಂಬುದು ಅವರ ಲೆಕ್ಕ. ಅಂಗನವಾಡಿ ಎಂಬ ಹೆಸರು ಬಂದದ್ದು ಹೀಗೆ. 1962ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಇಟಲಿಯ ಮರಿಯಾ ಮಾಂಟೆಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು ನೂರಾರು ಜನ ಶಿಕ್ಷಕರನ್ನು ತಯಾರು ಮಾಡಿದ್ದೂ ಇದೇ ಚರಿತ್ರೆಯ ಭಾಗ.

ಸರ್ಕಾರ ಕೈ ಹಾಕಿದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದ ಪಾಲಿಗೆ ಮೊದಲು ಸಿಕ್ಕಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಅಂದು ಬೆರಳೆಣಿಕೆಯ ತಾಲ್ಲೂಕುಗಳಲ್ಲಿದ್ದ ಅಂಗನವಾಡಿಗಳು ಇಂದು ದೇಶದಲ್ಲಿ ಸುಮಾರು 14 ಲಕ್ಷ. ನಮ್ಮ ರಾಜ್ಯದಲ್ಲೇ 66 ಸಾವಿರ ಮೀರಿವೆ. ಒಂದೊಂದಕ್ಕೂ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂದರೆ ಹೆಂಗಸರಿಗೆ ಇಷ್ಟು ದೊಡ್ಡ ಕೆಲಸದ ಜಾಗ ಇನ್ನೊಂದು ಹುಡುಕುವುದು ಕಷ್ಟ.

ಯಾವ ಬಾಗಿಲಿಗೆ ಯಾವ ಬೀಗದಕೈ?

ಮೊದಲ ಬಾಗಿಲು ಊರಿನ ಅಂಗನವಾಡಿಯೇ. ರಾಜ್ಯದಲ್ಲಿ ಈಗ ಕಾರ್ಯಕರ್ತೆಯಾಗಲು ಪಿಯುಸಿ, ಸಹಾಯಕಿಯಾಗಲು ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು. ಅರ್ಜಿ ಹಾಕುವವಳು ಆ ಊರಿನವಳೇ ಆಗಿರಬೇಕು, ಕನ್ನಡ ಓದಿರಬೇಕು. ಎನ್‌ಟಿಟಿ ಇಲ್ಲದಿದ್ದರೆ ಅರ್ಜಿ ಹಾಕುವಂತಿಲ್ಲ ಎಂದೇನಿಲ್ಲ. ಮೇಲಕ್ಕೆ ಏರಲು ಏಣಿಯೂ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಐದು ವರ್ಷ ದುಡಿದ ಸಹಾಯಕಿಯರಿಗೆ ಕಾರ್ಯಕರ್ತೆ ಹುದ್ದೆಗಳಲ್ಲಿ ಅರ್ಧ ಪಾಲು, ಐದು ವರ್ಷ ದುಡಿದ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿ ಹುದ್ದೆಗಳಲ್ಲಿ ಅರ್ಧ ಪಾಲು ಸಿಗಬೇಕು. ಬೇಕಾದ ವಿದ್ಯಾರ್ಹತೆ ಇರಬೇಕಷ್ಟೆ. ಕೆಲಸಕ್ಕೆ ಸೇರಿದವಳು ಓದು ನಿಲ್ಲಿಸಬಾರದು ಎಂಬುದಕ್ಕೆ ಇದಕ್ಕಿಂತ ಕಾರಣ ಬೇಕೆ?

ಎರಡನೆಯದು ಸರ್ಕಾರಿ ಶಾಲೆಯ ಎಲ್‌ಕೆಜಿ, ಯುಕೆಜಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ತನಕ ಒಂದೇ ‘ಬುನಾದಿ ಹಂತ’ ಎಂದಿತು. ಕೇಂದ್ರೀಯ ವಿದ್ಯಾಲಯಗಳು 2022ರಲ್ಲಿ 49 ಕಡೆ ‘ಬಾಲವಾಟಿಕಾ’ ತೆರೆದು ಮುಂದಿನ ವರ್ಷ ನೂರಾರು ಕಡೆಗೆ ವಿಸ್ತರಿಸಿದವು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಪುಟ್ಟ ಮಕ್ಕಳ ತರಗತಿಗಳಿವೆ. ಇಲ್ಲಿ ಬಹುಪಾಲು ಕೆಲಸ ಗುತ್ತಿಗೆಯದು ಅಥವಾ ಅತಿಥಿ ಶಿಕ್ಷಕಿಯದು ಎಂಬುದು ನೆನಪಿರಲಿ.

ಎಡವುವುದು ಇಲ್ಲೇ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದ ಪ್ರಕಾರ ಶಾಲಾಪೂರ್ವ ಶಿಕ್ಷಕಿಗೆ ಪಿಯುಸಿಯಲ್ಲಿ ಶೇ. 50 ಅಂಕ ಮತ್ತು ಕಡಿಮೆಯೆಂದರೆ ಎರಡು ವರ್ಷದ ಡಿಪ್ಲೊಮಾ ಬೇಕು. ಇಲ್ಲವೇ ನರ್ಸರಿ ಬಿ.ಎಡ್. ಆಗಿರಬೇಕು. ಆದರೆ ಊರೂರಲ್ಲಿ ಮಾರಾಟವಾಗುವ ಎನ್‌ಟಿಟಿಗಳಲ್ಲಿ ಆರು ತಿಂಗಳಿನವೂ ಇವೆ, ಒಂದು ವರ್ಷದವೂ ಇವೆ. ಕಾನ್ವೆಂಟಿನವರು ಅದನ್ನು ನೋಡಿ ಕೆಲಸ ಕೊಟ್ಟಾರು. ಸರ್ಕಾರಿ ಅರ್ಜಿಯ ಮುಂದೆ ಅದು ಬರೀ ಕಾಗದ. ಇಗ್ನೋ ವಿಶ್ವವಿದ್ಯಾಲಯದ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಮನೆಯಲ್ಲೇ ಕೂತು ಓದಬಹುದಾದದ್ದು, ತಿಳಿವಳಿಕೆಗೆ ಒಳ್ಳೆಯದು. ಆದರೆ ಅದೂ ಒಂದು ವರ್ಷದ್ದೇ. ಮೇಷ್ಟ್ರ ಕೆಲಸವನ್ನೇ ಗುರಿ ಮಾಡಿಕೊಂಡವರಿಗೆ ಪಿಯುಸಿ ನಂತರ ನಾಲ್ಕು ವರ್ಷದ ಸಂಯೋಜಿತ ಪದವಿಯೂ (ಐಟಿಇಪಿ) ಬಂದಿದೆ. ಅದರಲ್ಲಿ ಬುನಾದಿ ಹಂತಕ್ಕೇ ಪ್ರತ್ಯೇಕ ಓದುಂಟು, ಪ್ರವೇಶ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ.

ಆದ್ದರಿಂದ ಫೀಸು ಕಟ್ಟುವ ಮುಂಚೆ ಮೂರೇ ಪ್ರಶ್ನೆ: ಎಷ್ಟು ವರ್ಷದ್ದು? ಎನ್‌ಸಿಟಿಇ ಮಾನ್ಯತೆ ಇದೆಯೇ? ಇದ್ದರೆ ಕಾಗದ ತೋರಿಸಿ. ಬಾಯಿಮಾತಿನ ‘ಗ್ಯಾರಂಟಿ’ಗೆ ಅಂಗಡಿಯವರು ಸಾಮಾನು ಕೊಡುತ್ತಾರೆಯೇ? ಮಗಳ ಫೀಸೂ ಹಾಗೇ.

ಮೂರನೆಯ ಬಾಗಿಲು ಪಟ್ಟಣದ ಕಡೆಗಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಲೇಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಬಿಡದಿಯ ಕೈಗಾರಿಕಾ ಪ್ರದೇಶ ಇಲ್ಲೇ ಬಗಲಿನಲ್ಲಿದೆ. ಬೆಂಗಳೂರಿನಲ್ಲಿ ಮಾಂಟೆಸರಿ ಮನೆಗಳು, ಪ್ಲೇಹೋಮುಗಳು ಬೀದಿಗೊಂದು. ಬೆಳಗಿನ ಬಸ್ಸು ರೈಲು ಹಿಡಿದು ಹೋಗಿ ಬರುವವರಿಗೆ ಕೆಲಸ ಸಿಕ್ಕೀತು. ಸಂಬಳ ಎಷ್ಟು, ಪಿ.ಎಫ್. ಇದೆಯೇ, ಬೇಸಿಗೆ ರಜೆಯಲ್ಲಿ ಸಂಬಳ ಬರುತ್ತದೆಯೇ ಎಂದು ಸೇರುವ ದಿನವೇ ಕೇಳಿಕೊಳ್ಳುವುದು ಜಾಣತನ.

ಟೀಚರೋ, ಸ್ವಯಂಸೇವಕಿಯೋ?

ಇಷ್ಟೆಲ್ಲಾ ಬಾಗಿಲು ತೆರೆದಿದ್ದರೂ ಒಳಗೆ ಹೋದವಳ ಕೈಗೆ ಬರುವುದೇನು ಎಂಬುದೇ ಕೊನೆಯ ಮಾತು. ಊರವರ ಬಾಯಲ್ಲಿ ಅವಳು ‘ಅಂಗನವಾಡಿ ಟೀಚರು’. ಕಡತದಲ್ಲಿ ಮಾತ್ರ ‘ಗೌರವ ಕಾರ್ಯಕರ್ತೆ’. ಅವಳದು ಸರ್ಕಾರಿ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ, ಕರ್ನಾಟಕದ್ದೇ ಕೇಸಿನಲ್ಲಿ ಹೇಳಿಬಿಟ್ಟಿತು. ಅದೇ ಕೋರ್ಟು 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕೇಸಿನಲ್ಲಿ, ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಎಂದಿತು. ಕೇಂದ್ರದ ಪಾಲು 2018ರ ಅಕ್ಟೋಬರ್‌ನಲ್ಲಿ 3,000 ರೂ.ನಿಂದ 4,500 ರೂ.ಗೆ ಏರಿತು. ಅದರ ಮೇಲೆ ರಾಜ್ಯ ತನ್ನ ಪಾಲು ಹಾಕುತ್ತದೆ. 2025-26ರ ಬಜೆಟ್‌ನಲ್ಲಿ ರಾಜ್ಯ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂ. ಹೆಚ್ಚಿಸಿತು.

ಕೆಲಸವೋ? ಮಕ್ಕಳಿಗೆ ‘ಚಿಲಿಪಿಲಿ’ ಪಾಠ, ಹಾಡು, ಆಟ, ಊಟ. ಬಸುರಿ ಬಾಣಂತಿಯರ ಲೆಕ್ಕ, ಮಕ್ಕಳ ತೂಕ, ಚುಚ್ಚುಮದ್ದಿನ ದಿನ ಮನೆಮನೆಗೆ ಹೋಗಿ ಕರೆಯುವುದು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು. ಇದರ ನಡುವೆ ಓಟರ್ ಲಿಸ್ಟು, ಸರ್ವೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದರೆ ತಮ್ಮ ಕೇಂದ್ರಗಳು ಖಾಲಿಯಾಗುತ್ತವೆಂದು 2024ರ ಜೂನ್‌ನಲ್ಲಿ ಇವರು ಬೆಂಗಳೂರಿನಲ್ಲಿ ಧರಣಿ ಕೂತರು. ಅಂಗನವಾಡಿಯಲ್ಲೇ ಮಾಂಟೆಸರಿ ಮಾದರಿ ಕಲಿಸುತ್ತೇವೆ ಎಂಬ ಸರ್ಕಾರದ ಮಾತು ಬಂದದ್ದು ಆಮೇಲೆ. ಪಾಠ ಹೇಳುವ ಕೈಗೆ ಬೇರೆ ಹತ್ತು ಕೆಲಸ ಕಟ್ಟಿದರೆ ಮಾಂಟೆಸರಿಯಾದರೇನು, ಬಾಲವಾಡಿಯಾದರೇನು?

ಪಕ್ಕದ ಚನ್ನಪಟ್ಟಣದ್ದೂ ಒಂದು ಮಾತು. ಅಲ್ಲಿ ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಗೊಂಬೆಗಳು ದೇಶ ವಿದೇಶ ಸುತ್ತುತ್ತವೆ. ಗೊಂಬೆಯಿಂದಲೇ ಕಲಿಸಬೇಕೆಂದು 2023ರಲ್ಲಿ ಎನ್‌ಸಿಇಆರ್‌ಟಿ ‘ಜಾದುಯಿ ಪಿಟಾರಾ’ ಎಂಬ ಆಟಿಕೆ ಪೆಟ್ಟಿಗೆಯನ್ನೇ ಹೊರತಂದಿತು. ಹೋಬಳಿಯ ಪ್ರತಿ ಅಂಗನವಾಡಿಗೂ ಒಂದೊಂದು ಬುಟ್ಟಿ ಚನ್ನಪಟ್ಟಣದ ಗೊಂಬೆ ಕೊಳ್ಳಲು ಪಂಚಾಯಿತಿಗಳು ಮನಸ್ಸು ಮಾಡಿದರೆ ಗೊಂಬೆ ಕಡೆಯುವವರಿಗೂ ಕೆಲಸ, ಮಕ್ಕಳಿಗೂ ಆಟ.

2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರೂ ಬದಲಾಯಿತು. ಕೂಟಗಲ್ಲಿನ ಹುಡುಗಿಗೆ ಬೇಕಾಗಿರುವುದು ಎರಡೇ: ಎರಡು ವರ್ಷದ ಮಾನ್ಯ ಡಿಪ್ಲೊಮಾ ಓದಲು ಹೋಗಿಬರುವ ದೂರದಲ್ಲಿ ಒಂದು ಸರ್ಕಾರಿ ಸೀಟು, ಓದಿ ಮುಗಿಸಿದ ಮೇಲೆ ಸಂಬಳ ಎಂದು ಕರೆಯಬಹುದಾದ ಸಂಬಳ. ಚಾಕಿ ಹುಳುವಿಗೆ ಕಾಸು ಎಣಿಸಿ ಕೊಡಲು ಹಿಂದೆ ಮುಂದೆ ನೋಡದ ಜನ ನಾವು. ನಮ್ಮ ಮಕ್ಕಳ ಚಾಕಿಗೆ ಚೌಕಾಸಿ ಏಕೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?