ಅನಮೋಡದ ದಾರಿಯಲ್ಲಿ ಮತ್ತೊಮ್ಮೆ

ಬೆಳಗಾವಿಯಿಂದ ಗೋವೆಗೆ ಹೊರಟವರಿಗೆ ಲೋಂಡಾ, ರಾಮನಗರಗಳನ್ನು ದಾಟಿದ ಮೇಲೆ ಅನಮೋಡ ಎದುರಾಗುತ್ತದೆ. ಜೋಯಿಡಾ ತಾಲ್ಲೂಕಿನ ಈ ಊರಿನಾಚೆ ಘಟ್ಟದ ಇಳಿಜಾರು. ಅದರ ಬುಡದಲ್ಲಿ ಗೋವೆಯ ಮೊಲ್ಲೆಂ. 1961ರ ಡಿಸೆಂಬರಿನವರೆಗೆ ಅಲ್ಲಿ ಪೋರ್ತುಗೀಜರ ಆಳ್ವಿಕೆಯಿತ್ತು. ಈಗ ಅನಮೋಡವೆಂದರೆ ಅನೇಕರಿಗೆ ತನಿಖಾ ಠಾಣೆಯೊಂದೇ ನೆನಪು.

ಇಲ್ಲಿಗೆ ಸಮೀಪದ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ನಾನು ಮೊದಲು ಇಳಿದದ್ದು 1989ರಲ್ಲಿ, ಮೀಟರ್ ಗೇಜ್ ಗಾಡಿಯಿಂದ. ಹಳಿಗುಂಟ ಸುಮಾರು 14 ಕಿಲೋಮೀಟರ್ ನಡೆದು ದೂಧಸಾಗರವನ್ನು ಕಂಡೆ. 310 ಮೀಟರ್ ಎತ್ತರದಿಂದ ಹಾಲು ಚೆಲ್ಲಿದಂತೆ ಇಳಿಯುವ ನೀರಿನೆದುರು ಅಂದು ನಾವು ಮೂವರೇ. ಮುಂದೆ ತರಗತಿಯಲ್ಲಿ ವರ್ಣನೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಈ ನಡಿಗೆಯ ಕಥೆ ಹೇಳುತ್ತಿದ್ದೆ.

ಆಮೇಲೆ ರೈಲುದಾರಿ ಬ್ರಾಡ್ ಗೇಜ್ ಆಯಿತು. 2013ರಲ್ಲಿ ‘ಚೆನ್ನೈ ಎಕ್ಸ್‌ಪ್ರೆಸ್’ ಎಂಬ ಹಿಂದಿ ಚಿತ್ರ ಈ ಜಲಪಾತವನ್ನು ದೇಶಕ್ಕೆಲ್ಲ ತೋರಿಸಿತು. ಹಳಿಯ ಮೇಲೆ ನಡೆಯುವವರ ಗುಂಪು ಎಷ್ಟು ಬೆಳೆಯಿತೆಂದರೆ, 2023ರ ಜುಲೈನಲ್ಲಿ ಹಾಗೆ ಬರಬೇಡಿರೆಂದು ರೈಲ್ವೆಯವರೇ ಸಾರಬೇಕಾಯಿತು.

ಈ ನಿಷೇಧ ಅಧಿಕಾರಿಗಳ ಹಟವಲ್ಲ. ಇಲ್ಲಿ ಹಳಿ ಪ್ರತಿ 37 ಮೀಟರಿಗೆ 1 ಮೀಟರಿನಂತೆ ಇಳಿಯುತ್ತದೆ. ಭಾರ ಹೊತ್ತು ಇಳಿಯುವ ಗಾಡಿಯನ್ನು ತಟ್ಟನೆ ನಿಲ್ಲಿಸಲಾಗದು. ತಿರುವು ಹೆಚ್ಚು; ಜಲಪಾತದ ಸದ್ದಿನಲ್ಲಿ ಗಾಡಿಯ ಸದ್ದು ಅಡಗುತ್ತದೆ; ಸುರಂಗದೊಳಗೆ ಸರಿದು ನಿಲ್ಲಲು ಇಕ್ಕಟ್ಟು. ನನ್ನ ಕಥೆಯಲ್ಲಿ ಇದೊಂದೂ ಇರಲಿಲ್ಲ. ಅಲ್ಲಿಗೆ ಹೋಗಿಬಂದೆವೆಂದು ಹಳೆಯ ವಿದ್ಯಾರ್ಥಿಗಳು ಹೇಳಿದಾಗ, ಆ ಜಂಗುಳಿಯನ್ನು ಕರೆದವರಲ್ಲಿ ನಾನೂ ಒಬ್ಬನೆಂದು ತಿಳಿಯಿತು.

ಕಳೆದ ಮಳೆಗಾಲದ ಒಂದು ಭಾನುವಾರ ಅನಮೋಡ ಘಟ್ಟದಲ್ಲಿ ಇಳಿದು ನಿಂತೆ. ಝರಿಯೊಂದರ ಬಳಿ ಕಾರುಗಳ ಸಾಲು, ಹಾಡಿನ ಅಬ್ಬರ. ಯಾರೋ ಎಸೆದ ಬಿಸ್ಕತ್ತಿಗೆ ಕೋತಿಗಳು ರಸ್ತೆಯ ನಡುವೆ ಕಾದು ಕುಳಿತಿದ್ದವು. ಅನ್ನವಿಟ್ಟೆವೆಂದು ಎಸೆದವರಿಗೆ ಸಂತೋಷ. ಆದರೆ ರಸ್ತೆಯಲ್ಲಿ ಕಾಯುವುದನ್ನು ಕಲಿತ ಕೋತಿ ಒಂದು ದಿನ ಗಾಲಿಗೆ ಸಿಕ್ಕುತ್ತದೆ. ಅನಮೋಡದ ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಗಡಿಯಾಚೆ ಮೊಲ್ಲೆಂ ಅಭಯಾರಣ್ಯ. ಎರಡು ಕಾಡುಗಳ ನಡುವೆ ಓಡಾಡುವ ಮೃಗಗಳು ರಾತ್ರಿ ಈ ಹೆದ್ದಾರಿಯನ್ನೇ ದಾಟಬೇಕು.

ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ. ಈಗಿನ ಅತಿಥಿಗಳಾದ ನಾವು ಶನಿವಾರ, ಭಾನುವಾರವೆಂದು ಗೊತ್ತುಮಾಡಿಕೊಂಡೇ ಬರುತ್ತೇವೆ. ಎಲ್ಲರೂ ಒಂದೇ ದಿನ! ಹಾಗೆಂದು ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಬಿಡುವಿನ ವಾರದ ದಿನ ಹೋಗಿ. ದೂಧಸಾಗರವನ್ನು ರೈಲಿನ ಕಿಟಕಿಯಿಂದ ನೋಡಿ. ಇಲ್ಲವೆ, ಮಳೆಗಾಲ ಕಳೆದ ಮೇಲೆ ಕುಳೆಂನಿಂದ ಅನುಮತಿ ಪಡೆದ ಜೀಪಿನಲ್ಲಿ ಹೋಗಿ. ಘಟ್ಟವನ್ನು ಹಗಲಿನಲ್ಲಿ, ನಿಧಾನವಾಗಿ ದಾಟಿ. ತಿಂಡಿಯ ಪೊಟ್ಟಣವನ್ನು ಮನೆಗೇ ಹಿಂದಕ್ಕೆ ತನ್ನಿ. ಜೋಯಿಡಾದ ಕುಣಬಿಯರು ಬೆಳೆದ ಗೆಡ್ಡೆ ಗೆಣಸು ಸಿಕ್ಕಿದರೆ ಕೊಂಡು ತನ್ನಿ. ನಿಮ್ಮ ಪ್ರವಾಸದಿಂದ ಆ ನೆಲದವರಿಗೂ ನಾಲ್ಕು ಕಾಸು ಸೇರಲಿ.

ನಾನು ಈಗಲೂ ಮಕ್ಕಳಿಗೆ ಆ ಕಥೆ ಹೇಳುತ್ತೇನೆ. ಆದರೆ ಹಳಿಯ ಇಳಿಜಾರಿನ ಲೆಕ್ಕವನ್ನು ಮೊದಲು ಹೇಳಿ, ಹಾಲಿನಂಥ ನೀರಿನ ವರ್ಣನೆಯನ್ನು ಆಮೇಲೆ ಮಾಡುತ್ತೇನೆ.