ರಾಜ್ಯಶಾಸ್ತ್ರ ಓದಿ ಕೋತಿಗಳ ಮಾತು ಕೇಳಿದವರು

‘ಬಿ.ಎ. ಓದಿದವರಿಗೆ ವಿಜ್ಞಾನದಲ್ಲೇನು ಕೆಲಸ?’ ಎಂದು ಕೇಳುವವರಿಗೆ ಡೊರೊಥಿ ಚೇನಿ ಅವರ ಬದುಕನ್ನು ತೋರಿಸಬಹುದು. ಅಮೆರಿಕದ ವೆಲ್ಸ್‌ಲಿ ಕಾಲೇಜಿನಲ್ಲಿ 1972ರಲ್ಲಿ ಅವರು ಪಡೆದದ್ದು ರಾಜ್ಯಶಾಸ್ತ್ರದ ಪದವಿ. ಮುಂದೆ ಕಾನೂನು ಓದುವ ಯೋಚನೆಯಿತ್ತು. ಆದರೆ ಪತಿ ರಾಬರ್ಟ್ ಸೇಫಾರ್ತ್ ಬಬೂನ್‌ಗಳ ಅಧ್ಯಯನಕ್ಕೆಂದು ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ಇವರೂ ಜತೆಗೆ ಹೋದರು. ಕೋತಿಗಳ ಹಿಂದೆ ಅಲೆಯುತ್ತಾ ವಕೀಲಿಕೆಯ ಆಸೆ ಹಿಂದೆ ಸರಿಯಿತು. 1977ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಬಂತು.

ಅದೇ ವರ್ಷ ದಂಪತಿ ಕೆನ್ಯಾದ ಅಂಬೊಸೆಲಿ ಬಯಲಿಗೆ ಬಂದರು. ಅಲ್ಲಿನ ವರ್ವೆಟ್ ಕೋತಿಗಳು ಚಿರತೆ ಕಂಡಾಗ ಒಂದು ಬಗೆಯಲ್ಲಿ, ಹದ್ದು ಕಂಡಾಗ ಇನ್ನೊಂದು ಬಗೆಯಲ್ಲಿ, ಹಾವು ಕಂಡಾಗ ಮತ್ತೊಂದು ಬಗೆಯಲ್ಲಿ ಕೂಗುತ್ತವೆ ಎಂದು ಥಾಮಸ್ ಸ್ಟ್ರೂಸೇಕರ್ ಎಂಬ ವಿಜ್ಞಾನಿ 1967ರಲ್ಲೇ ಬರೆದಿದ್ದರು. ಆದರೆ ಒಂದು ಅನುಮಾನ ಉಳಿದಿತ್ತು. ಅದು ಬರೀ ಹೆದರಿಕೆಯ ಕೂಗೋ, ಅಥವಾ ಸುದ್ದಿ ಮುಟ್ಟಿಸುವ ಕೂಗೋ? ಉಳಿದ ಕೋತಿಗಳು ತಾವೇ ಚಿರತೆಯನ್ನು ಕಂಡು ಓಡುತ್ತಿರಬಹುದಲ್ಲ?

ಇದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಕೂಗುಗಳನ್ನು ಟೇಪ್‌ನಲ್ಲಿ ಹಿಡಿದಿಟ್ಟರು. ಸ್ಪೀಕರ್ ಮರೆಯಲ್ಲಿಟ್ಟು, ಸುತ್ತ ಯಾವ ಅಪಾಯವೂ ಇಲ್ಲದಾಗ ಕೇಳಿಸಿದರು. ಚಿರತೆಯ ಕೂಗು ಕೇಳಿದಾಗ ಕೋತಿಗಳು ಮರಕ್ಕೆ ಓಡಿದವು. ಹದ್ದಿನ ಕೂಗಿಗೆ ಆಕಾಶ ನೋಡಿದವು, ಪೊದೆಗೆ ನುಗ್ಗಿದವು. ಹಾವಿನ ಕೂಗಿಗೆ ಸುತ್ತಲಿನ ನೆಲವನ್ನು ದಿಟ್ಟಿಸಿದವು. ಕಣ್ಣಿಗೆ ಏನೂ ಬೀಳದಿದ್ದರೂ, ಬರೀ ಸದ್ದು ಕೇಳಿ ಏನು ಮಾಡಬೇಕೆಂದು ಅವುಗಳಿಗೆ ತಿಳಿಯುತ್ತಿತ್ತು! ಪೀಟರ್ ಮಾರ್ಲರ್ ಜತೆಗೂಡಿ ಬರೆದ ಈ ಪ್ರಬಂಧ 1980ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ನಮ್ಮಂಥ ಭಾಷೆ ಅಂತಲ್ಲ. ಆದರೆ ಪ್ರಾಣಿಗಳ ಕೂಗು ಬರೀ ಭಾವೋದ್ವೇಗ ಎಂಬ ಮಾತನ್ನು ಮೊದಲಿನಷ್ಟು ಸಲೀಸಾಗಿ ಹೇಳುವಂತಿರಲಿಲ್ಲ.

ಮರಿಗಳ ವಿಷಯ ಇನ್ನೂ ಸೊಗಸು. ಅವು ಪಾರಿವಾಳ ಕಂಡರೂ, ಉದುರುವ ಎಲೆ ಕಂಡರೂ ಹದ್ದಿನ ಕೂಗು ಹಾಕುತ್ತವೆ. ಆದರೆ ಎಲೆಯನ್ನು ಕಂಡು ಚಿರತೆ ಎಂದು ಕೂಗುವುದಿಲ್ಲ. ಮೇಲಿನಿಂದ ಬರುವುದು ಹದ್ದು ಎಂಬಷ್ಟು ಗೊತ್ತು, ಯಾವ ಹಕ್ಕಿಗೆ ಹೆದರಬೇಕೆಂಬುದನ್ನು ಬೆಳೆಯುತ್ತಾ ಕಲಿಯುತ್ತವೆ. ಇನ್ನೊಂದು ಪ್ರಯೋಗದಲ್ಲಿ ಒಂದು ಮರಿಯ ಚೀರಾಟವನ್ನು ಹೆಣ್ಣು ಕೋತಿಗಳಿಗೆ ಕೇಳಿಸಿದರು. ತಾಯಿ ಸ್ಪೀಕರ್ ಕಡೆ ನೋಡಿದಳು, ಉಳಿದ ಹೆಣ್ಣುಗಳು ತಾಯಿಯ ಕಡೆ ನೋಡಿದವು. ಯಾರ ಮಗು ಯಾರದ್ದೆಂದು ಗುಂಪಿಗೆ ಗೊತ್ತಿತ್ತು.

ಇಂಥ ಉತ್ತರಗಳು ಒಂದು ಸೆಮಿಸ್ಟರ್‌ನಲ್ಲಿ ಸಿಗುವುದಿಲ್ಲ. ಒಂದೊಂದು ಕೋತಿಯನ್ನೂ ಮುಖ ನೋಡಿ ಗುರುತಿಸಲು ಕಲಿಯಬೇಕು. ಅದರ ತಾಯಿ ಯಾರು, ಗೆಳತಿ ಯಾರು ಎಂದು ದಿನವೂ ಬರೆದಿಡಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಇವರು 1992ರಿಂದ ಸುಮಾರು 16 ವರ್ಷ ಬೋಟ್ಸ್ವಾನಾದ ಒಕವಾಂಗೊ ಪ್ರದೇಶದ ಬಬೂನ್‌ಗಳನ್ನು ಗಮನಿಸಿದರು. ಗಟ್ಟಿ ಗೆಳೆತನವಿರುವ ಹೆಣ್ಣು ಬಬೂನ್‌ಗಳು ಹೆಚ್ಚು ಕಾಲ ಬದುಕುತ್ತವೆ ಎಂಬುದು ಆ ದೀರ್ಘ ದಾಖಲೆಗಳಿಂದ ತಿಳಿದ ಸಂಗತಿ. ಚೇನಿ 2018ರಲ್ಲಿ ತೀರಿಕೊಂಡರು.

ಇದೆಲ್ಲ ಆಫ್ರಿಕಾದಲ್ಲಷ್ಟೇ ಸಾಧ್ಯ ಎಂದುಕೊಳ್ಳಬೇಡಿ. ಬಂಡೀಪುರದಲ್ಲಿ ನಮ್ಮ ಮಾಮೂಲಿ ಕೋತಿಗಳು, ಅಂದರೆ ಬಾನೆಟ್ ಮಕಾಕ್‌ಗಳು, ಪ್ರವಾಸಿಗರತ್ತ ಕೈ ಚಾಚಿ, ‘ಕೂ’ ಎಂದು ಸದ್ದು ಮಾಡಿ ತಿಂಡಿ ಕೇಳುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದರು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರು ಪಶ್ಚಿಮ ಘಟ್ಟದ ಸಿಂಗಳೀಕಗಳ ಅಧ್ಯಯನಕ್ಕೆ ಹೆಸರಾದವರು. ಅವರ ನೆಲೆಯಾಗಿದ್ದುದು ಪ್ರಾಣಿಶಾಸ್ತ್ರ ವಿಭಾಗವಲ್ಲ, ಮನಃಶಾಸ್ತ್ರ ವಿಭಾಗ!

ಪ್ರಾಣಿಶಾಸ್ತ್ರ, ಮನಃಶಾಸ್ತ್ರ, ಮಾನವಶಾಸ್ತ್ರ ಯಾವುದನ್ನೇ ಓದಿದ್ದರೂ ಈ ಕ್ಷೇತ್ರಕ್ಕೆ ಬರಬಹುದು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ಫೆಲೋಶಿಪ್ ಉಂಟು. ಕೆಲಸ ಸುಲಭದ್ದಲ್ಲ, ಕಾಯುವ ತಾಳ್ಮೆ ಬೇಕು. ಆ ತಾಳ್ಮೆ ನಿಮ್ಮಲ್ಲಿದೆಯೇ ಎಂದು ತಿಳಿಯಲು ಅರ್ಜಿ ಹಾಕಬೇಕಿಲ್ಲ. ಹಾಸ್ಟೆಲ್ ಕಾಂಪೌಂಡಿನ ಮೇಲೆ ಕೋತಿಯೊಂದು ಕೂಗಿದಾಗ ಕಲ್ಲು ಎತ್ತಿಕೊಳ್ಳುವ ಬದಲು, ಉಳಿದ ಕೋತಿಗಳು ಯಾವ ಕಡೆ ನೋಡುತ್ತವೆ ಎಂದು ಗಮನಿಸಿ, ಬರೆದಿಟ್ಟುಕೊಳ್ಳಿ.