ವೈದ್ಯವಿದ್ಯೆಗೆ ಸರಕಾರದ ನೆರವು: ಯಾರು ಅರ್ಹರು?

ಮನೆಯಲ್ಲೊಬ್ಬ ಡಾಕ್ಟರೋ ನರ್ಸೋ ಆಗಬೇಕೆಂಬ ಆಸೆ ಇಂದು ಪಟ್ಟಣಿಗರದಷ್ಟೇ ಅಲ್ಲ. ಚನ್ನಗಿರಿಯ ಅಡಕೆ ತೋಟದಲ್ಲಿಯೂ, ಹೊನ್ನಾಳಿ, ನ್ಯಾಮತಿಗಳ ಗದ್ದೆಯ ಅಂಚಿನಲ್ಲಿಯೂ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಹೊಲಗಳಲ್ಲಿಯೂ ಅದು ಮೊಳೆತಿದೆ. ದಾವಣಗೆರೆಯಲ್ಲಿ ೧೯೬೫ರಿಂದಲೂ ವೈದ್ಯಕೀಯ ಕಾಲೇಜು ಉಂಟು. ಕಾಲೇಜು ಹತ್ತಿರ, ಶುಲ್ಕ ಮಾತ್ರ ದೂರ! ಈ ನಡುವಿನ ಹಳ್ಳಕ್ಕೆ ಸರಕಾರ ಹಾಕಿದ ಕಾಲುಸಂಕವೇ ವಿದ್ಯಾರ್ಥಿವೇತನ.

ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ೧೯೪೪ರಲ್ಲಿಯೇ ಆರಂಭವಾಯಿತು. ೨೦೨೧ರಲ್ಲಿ ಪರಿಷ್ಕೃತವಾದ ನಿಯಮದಂತೆ, ಕುಟುಂಬದ ವಾರ್ಷಿಕ ವರಮಾನ ಎರಡೂವರೆ ಲಕ್ಷ ರೂಪಾಯಿಗಳನ್ನು ಮೀರಕೂಡದು. ಎಂ.ಬಿ.ಬಿ.ಎಸ್. ಓದುವವರು ಹಾಸ್ಟೆಲಿನಲ್ಲಿದ್ದರೆ ಶುಲ್ಕವಲ್ಲದೆ ವರ್ಷಕ್ಕೆ ೧೩,೫೦೦ ರೂ., ಮನೆಯಿಂದ ಹೋಗಿಬರುವವರಾದರೆ ೭,೦೦೦ ರೂ.; ನರ್ಸಿಂಗ್, ಫಾರ್ಮಸಿಯವರಿಗೆ ಕ್ರಮವಾಗಿ ೯,೫೦೦ ಮತ್ತು ೬,೫೦೦ ರೂ. ಎಂದು ಅದು ಗೊತ್ತುಪಡಿಸಿತು.

ಹಿಂದುಳಿದ ವರ್ಗದವರಲ್ಲಿ ಹಾಸ್ಟೆಲು ಸಿಕ್ಕದವರ ಊಟ, ವಸತಿಗಾಗಿ ರಾಜ್ಯವು ೨೦೧೩-೧೪ರಲ್ಲಿ 'ವಿದ್ಯಾಸಿರಿ'ಯನ್ನು ತಂದಿತು: ತಿಂಗಳಿಗೆ ೧,೫೦೦ ರೂ., ಹತ್ತು ತಿಂಗಳು. ೨೦೨೧ರಲ್ಲಿ ಬಂದ 'ರೈತ ವಿದ್ಯಾನಿಧಿ'ಯು ಎಂ.ಬಿ.ಬಿ.ಎಸ್. ಓದುವ ರೈತರ ಮಕ್ಕಳಲ್ಲಿ ಹುಡುಗರಿಗೆ ೧೦,೦೦೦, ಹುಡುಗಿಯರಿಗೆ ೧೧,೦೦೦ ರೂಪಾಯಿಗಳನ್ನು ನಿಗದಿಮಾಡಿತು.

ತಾಯಿತಂದೆಗಳು ಎಡವುವುದು ಎಲ್ಲಿ? ಸೀಟು ದೊರಕಿಸುವೆನೆಂದು ಬರುವ ದಲ್ಲಾಳಿ, "ವಿದ್ಯಾರ್ಥಿವೇತನ ಹೇಗೂ ಬರುತ್ತದೆ" ಎಂದು ಭರವಸೆ ನೀಡುತ್ತಾನೆ. ಆದರೆ ಆಡಳಿತ ಮಂಡಳಿಯ ಕೋಟಾದಲ್ಲಿ ಸೇರಿದವರಿಗೆ ಮೆಟ್ರಿಕ್ ನಂತರದ ಈ ವೇತನ ಸಲ್ಲದು. ಹೊಲ ಒತ್ತೆಯಿಟ್ಟು ಮಗಳನ್ನು ಸೇರಿಸಿದ ಮೇಲೆ ಇದು ತಿಳಿದರೆ ಆ ಮನೆಯ ಗತಿಯೇನು? ಹಣ ಕಟ್ಟುವ ಮುನ್ನವೇ ಸೀಟು ಯಾವ ಬಗೆಯದೆಂದು ಕೇಳಿ ತಿಳಿಯತಕ್ಕದ್ದು. ಈ ವೇತನ ಪಡೆಯುವವರು ಜೊತೆಗೆ ಮತ್ತೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲವೆಂಬುದನ್ನೂ ಮರೆಯಬಾರದು.

ಜಾತಿ ಮತ್ತು ವರಮಾನದ ಪ್ರಮಾಣಪತ್ರಗಳನ್ನು ಕೊಡುವವರು ತಹಶೀಲ್ದಾರರು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಯವರಿಗೆ ಈಗ ಆ ಕಚೇರಿ ತಮ್ಮೂರಿನಲ್ಲಿಯೇ ಉಂಟು. ಅಂಕಪಟ್ಟಿಯಲ್ಲಿ, ಆಧಾರ್ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಒಂದೇ ಬಗೆಯಾಗಿರಲಿ. ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಒಂದು ಅಕ್ಷರದ ವ್ಯತ್ಯಾಸವೂ ಹಣವನ್ನು ತಡೆದೀತು.

ಇದು ಭಿಕ್ಷೆಯಲ್ಲ, ಬಿತ್ತನೆ. ೨೦೧೨ರ ಶಾಸನದ ಮೂಲಕ ಕರ್ನಾಟಕವು ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯನ್ನು ವಿಧಿಸಿದ ಉದ್ದೇಶವೂ ಹಳ್ಳಿಗೆ ವೈದ್ಯರು ದೊರೆಯಲೆಂದೇ. ಜಗಳೂರಿನ ಮಗಳೊಬ್ಬಳು ಕಲಿತು ಜಗಳೂರಿನ ರೋಗಿಯ ನಾಡಿ ಹಿಡಿದಂದು, ಬೊಕ್ಕಸದ ಹಣ ಬಡ್ಡಿಸಮೇತ ಹಿಂದಿರುಗಿದಂತೆ.